ಹಪ್ಪಳದ ಜಾಳಿಯ ಮೇಲೆ ವೆಸ್ಟ್ ಇಂಡೀಸ್

ರೈಲ್ವೆ ಸ್ಟೇಷನ್ನಿನ ತೂಕದ ಯಂತ್ರ ಕೊಡುವ ಪುಟ್ಟ ಕಾರ್ಡಿಗೆ ಎರಡು ಮುಖಗಳು. ಒಂದರಲ್ಲಿ ತೂಕ, ಇನ್ನೊಂದರಲ್ಲಿ ಭವಿಷ್ಯ. ಎರಡರಲ್ಲಿ ಒಂದು ಸುಳ್ಳೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಯಾವುದು ಎಂಬುದು ಮಾತ್ರ ಯಂತ್ರ ಹತ್ತಿದವರ ಗಾತ್ರವನ್ನು ಅವಲಂಬಿಸಿದೆ. ತೆಳ್ಳಗಿರುವವರು ಭವಿಷ್ಯವನ್ನು ನಂಬುವುದಿಲ್ಲ. ನನ್ನ ಅಪ್ಪ ತೂಕವನ್ನು ನಂಬುತ್ತಿರಲಿಲ್ಲ. ಮುಂಬಯಿಯ ಸಯನ್ ಸ್ಟೇಷನ್ನಿನಲ್ಲಿ ಬಣ್ಣದ ದೀಪಗಳನ್ನು ಮಿಟುಕಿಸುತ್ತ, ಮದುಮಗನಂತೆ ಸಿಂಗರಿಸಿಕೊಂಡು ನಿಂತಿರುತ್ತಿದ್ದ ಆ ಯಂತ್ರವನ್ನು ಅವರು ಪ್ರತಿ ರವಿವಾರ ಬೆಳಿಗ್ಗೆ ಹತ್ತಿ, ಕೆಳಗೆ ಬಿದ್ದ ಕಾರ್ಡನ್ನು ಹೆಕ್ಕಿ, ‘ನಿಮ್ಮ ಸಂಯಮಕ್ಕೆ ತಕ್ಕ ಫಲ ದೊರೆಯಲಿದೆ’ ಎಂಬಂಥ ಸಾಲನ್ನು ಪ್ಲಾಟ್‌ಫಾರ್ಮಿಗೆಲ್ಲ ಕೇಳುವಂತೆ ಓದಿ, ಮತ್ತೊಂದು ಬದಿಯನ್ನು ನನ್ನ ಪಾಲಿಗೆ ಬಿಡುತ್ತಿದ್ದರು. ನನ್ನ ಪಾಲಿನ ಬದಿಯಲ್ಲಿ ಪ್ರತಿ ವಾರವೂ ಎಂಬತ್ತಾರು ಕಿಲೋ ಎಂದಿರುತ್ತಿತ್ತು.

ಈ ಸಾಪ್ತಾಹಿಕ ತೀರ್ಥಯಾತ್ರೆಗೆ ಕಾರಣವಿತ್ತು. ಆ ವರ್ಷ ಮಳೆಗಾಲದಲ್ಲಿ ಅಪ್ಪನಿಗೆ ಎದೆನೋವು ಬಂದು, ಹತ್ತು ದಿನ ಆಸ್ಪತ್ರೆಯಲ್ಲಿ ಮಲಗಿ ಎದ್ದಿದ್ದರು. ಎಂಟು ಕಿಲೋ ಇಳಿಯಬೇಕು, ಇಳಿಯದೆ ಇನ್ನೊಂದು ಸಲ ನೋವು ಬಂದರೆ ತನ್ನಿಂದಾಗುವುದು ಕಡಿಮೆ ಎಂದು ಡಾಕ್ಟರು ಅಪ್ಪನಿಗೆ ನಗುತ್ತ, ನನಗೆ ನಗದೆ ಹೇಳಿದರು. ಮೀನು ತಿನ್ನಬಹುದು, ಆದರೆ ಎಣ್ಣೆ ಬೇಡ, ತುಪ್ಪ ಬೇಡ, ತೆಂಗಿನಕಾಯಿ ಬೇಡ. ಹೇಳಿದವರು ಸಮುದ್ರ ಕಾಣದ ಊರಿನವರಿರಬೇಕು. ಕರಾವಳಿಯ ಅಡಿಗೆಯಿಂದ ಎಣ್ಣೆಯನ್ನೂ ತೆಂಗಿನಕಾಯಿಯನ್ನೂ ಕಳೆದರೆ ಉಳಿಯುವುದು ನೀರು ಮತ್ತು ಮೀನು. ಅಂದರೆ ಬಲೆ ಬೀಸುವುದಕ್ಕೆ ಮೊದಲಿನ ಸ್ಥಿತಿ.

ಅಮ್ಮ ಆ ಸ್ಥಿತಿಯನ್ನು ಉಪ್ಪು ಮತ್ತು ಅರಿಸಿನ ಹಾಕಿ ಕುದಿಸಿ ಬಡಿಸತೊಡಗಿದಳು. ಅಪ್ಪ ತಟ್ಟೆಯನ್ನು ನೋಡದೆ, ಎದುರಿನ ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಉಣ್ಣುತ್ತಿದ್ದರು. ಎರಡು ತಿಂಗಳು ಈ ತಪಸ್ಸು ನಡೆದರೂ ತೂಕ ಇಳಿಯಲಿಲ್ಲ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಫೋರ್ಟಿನ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಪ್ರಯೋಗ ಮಾಡಿಸುವ ಕೆಲಸದಲ್ಲಿದ್ದೆ. ಅಳೆಯದೆ ಏನನ್ನೂ ನಂಬದಿರುವುದು ನನ್ನ ವೃತ್ತಿಧರ್ಮ; ಅಳೆದ ಮೇಲೂ ಯಾರಿಗೂ ಹೇಳದಿರುವುದು ಸ್ವಭಾವ. ಅಪ್ಪನ ತೂಕವನ್ನು ಗ್ರಾಫ್ ಹಾಳೆಯಲ್ಲಿ ಗುಟ್ಟಾಗಿ ಗುರುತಿಸುತ್ತಿದ್ದೆ. ಗೆರೆ ಸಯನ್‌ನಿಂದ ಮಾಟುಂಗಾಕ್ಕೆ ಹೋಗುವ ರೈಲು ಹಳಿಯಷ್ಟು ನೇರವಾಗಿತ್ತು. ಅಲ್ಪಾಹಾರದಿಂದಲೂ ಇಳಿಯದ ದೇಹವೊಂದು ನಮ್ಮ ಮನೆಯಲ್ಲೇ ಉದ್ಭವಿಸಿದೆಯೆಂದು ತಿಳಿದು, ಹೆದರಿಕೆಯ ಜೊತೆಗೆ ಸ್ವಲ್ಪ ಶಾಸ್ತ್ರೀಯ ಕುತೂಹಲವೂ ನನ್ನಲ್ಲಿ ಮೂಡಿತ್ತೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಇಂಥ ಹೊತ್ತಿನಲ್ಲಿ ಅಮ್ಮನ ತಮ್ಮ, ನನ್ನ ಮಾವ, ರಜೆಯಲ್ಲಿ ಬಂದ. ಅವನು ಸರಕು ಹಡಗಿನಲ್ಲಿ ಅಡಿಗೆಯವನು. ಹಿಂದಿನ ಸುತ್ತಿನಲ್ಲಿ ವೆಸ್ಟ್ ಇಂಡೀಸಿನ ದ್ವೀಪಗಳಲ್ಲಿ ಅವನ ಹಡಗು ತಿಂಗಳುಗಟ್ಟಲೆ ನಿಂತಿತ್ತಂತೆ. ಅಲ್ಲಿ ಅರ್ಧಕ್ಕೆ ಸೀಳಿದ ಡ್ರಮ್ಮಿನಲ್ಲಿ ಇದ್ದಿಲ ಕೆಂಡ ಮಾಡಿ, ಮೇಲೆ ತಂತಿಯ ಜಾಳಿ ಹಾಸಿ, ಮಸಾಲೆ ಹಚ್ಚಿದ ಮೀನನ್ನು ಸಮುದ್ರದ ದಂಡೆಯಲ್ಲೇ ಸುಡುತ್ತಾರೆಂದು ಅವನು ಊಟದ ಹೊತ್ತಿಗೆ ವರ್ಣಿಸಿದ. ಅಪ್ಪನಿಗೆ ಸಂಶಯ.

“ವೆಸ್ಟ್ ಇಂಡೀಸಿನವರು ಅಡಿಗೆಯೂ ಮಾಡ್ತಾರಾ?”

“ಮತ್ತೆ ಹೊಟ್ಟೆಗೆ ಎಂತ ತಿನ್ನುದು ಭಾವ, ಕ್ರಿಕೆಟ್ ಬಾಲಾ?”

“ರೇಡಿಯೋದಲ್ಲಿ ಕೇಳಿದ್ರೆ ಅವರಿಗೆ ಅಡಿಗೆಗೆ ಪುರುಸೊತ್ತು ಇದ್ದ ಹಾಗೆ ಕಾಣುದಿಲ್ಲ.”

“ಒಂದು ಹನಿ ಎಣ್ಣೆ ಹಾಕುದಿಲ್ಲ,” ಎಂದ ಮಾವ ನನ್ನ ಕಡೆ ತಿರುಗಿ. “ಮೀನಿನ ಕೊಬ್ಬೇ ಕರಗಿ ಕೆಂಡಕ್ಕೆ ಬೀಳ್ತದೆ. ನಿನ್ನ ಡಾಕ್ಟರಿಗೆ ಹೇಳು.”

ಅಮ್ಮ ಒಪ್ಪಲಿಲ್ಲ. ಅವಳ ಪ್ರಕಾರ ಮೀನನ್ನು ಸುಡುವುದು ಎಣ್ಣೆ ಮುಗಿದ ಮನೆಯವರು. “ಎಣ್ಣೆಯಲ್ಲಿ ಕಾಯಿಸಿದ್ರೆ ಮೀನು, ಸುಟ್ರೆ ದರಿದ್ರ,” ಎಂದಳು. “ಅದನ್ನು ನೋಡ್ಲಿಕ್ಕೆ ನೀನು ಹಡಗು ಹತ್ತಿ ಅಷ್ಟು ದೂರ ಹೋದದ್ದಾ ತಮ್ಮ? ನಮ್ಮ ಮನೆಯ ಹಿಂದೆಯೇ ಸುಡ್ತಿದ್ರು.”

ಮಾವ ಹೋಗುವಾಗ ನನಗೊಂದು ಡಬ್ಬಿ ಕೊಟ್ಟ. ಒಳಗೆ ಕಾಳುಮೆಣಸಿಗಿಂತ ಸ್ವಲ್ಪ ದಪ್ಪದ, ಮೂಸಿದರೆ ಲವಂಗ, ದಾಲ್ಚಿನ್ನಿ, ಜಾಯಿಕಾಯಿ ಮೂರೂ ತಾನೇ ಎಂದು ಜಂಬ ಕೊಚ್ಚುವ ಕಂದು ಕಾಳುಗಳು. ಬಾಲ್ಕನಿಯ ತಗಡಿನ ಡಬ್ಬದಲ್ಲಿ ಅಮ್ಮ ಕೆಮ್ಮಿಗೆಂದು ಬೆಳೆಸಿದ್ದ ದೊಡ್ಡಪತ್ರೆಯನ್ನು ಕಂಡು, ಅಲ್ಲಿಯವರು ಮೀನಿಗೆ ಅರೆದು ಹಚ್ಚುವುದು ಇದನ್ನೇ ಎಂದು ಪ್ರಮಾಣ ಮಾಡಿದ. ಉಳಿದದ್ದು ಶುಂಠಿ, ಬೆಳ್ಳುಳ್ಳಿ, ಈರುಳ್ಳಿಯ ಹಸಿರು ದಂಟು, ಧಾರಾಳ ಲಿಂಬೆರಸ. ಅಲ್ಲಿಯ ಮೆಣಸಿನಕಾಯಿ ಕಂದೀಲಿನ ಆಕಾರದ್ದಂತೆ, ಕಚ್ಚಿದವರಿಗೆ ತಾಯಿಯ ಹೆಸರು ಮರೆಯುತ್ತದಂತೆ. ನಾನು ಸಣ್ಣ ಹಸಿಮೆಣಸಿಗೆ ತೃಪ್ತಳಾದೆ. ಹೃದ್ರೋಗಿಗೆ ವಿಸ್ಮೃತಿಯನ್ನೂ ಸೇರಿಸುವುದು ಬೇಡವೆನಿಸಿತು.

ಇಲ್ಲಿ ನಿಮ್ಮನ್ನು ಸ್ವಲ್ಪ ನಮ್ಮ ಮೆಟ್ಟಿಲ ಮೇಲೆ ನಿಲ್ಲಿಸಬೇಕು. ನಾವಿದ್ದುದು ಬಿಲ್ಡಿಂಗಿನ ಮೊದಲ ಮಾಳಿಗೆಯಲ್ಲಿ. ಕೆಳಗೆ ಅಪ್ಪನ ಹೋಟೆಲು. ‘ಶುದ್ಧ ಶಾಕಾಹಾರಿ’ ಎಂದು ಮೂರು ಭಾಷೆಗಳಲ್ಲಿ ಬರೆದ ಬೋರ್ಡಿನ ನೇರ ಮೇಲೆ ನಮ್ಮ ಮೀನಿನ ಬಾಣಲೆ. ಮೀನು ತಿನ್ನುವವರು ನಡೆಸುವ, ಮೀನು ತಿನ್ನದವರು ಅಡಿಗೆ ಮಾಡುವ ಇಂಥ ಹೋಟೆಲುಗಳು ಮುಂಬಯಿಯಲ್ಲಿ ಎಷ್ಟೋ ಇವೆ, ಮತ್ತು ಅವು ನಿಂತಿರುವುದು ಬಂಡವಾಳಕ್ಕಿಂತ ಹೆಚ್ಚಾಗಿ ಪರಸ್ಪರ ಜೋಪಾನ ಮಾಡಿದ ಅಜ್ಞಾನದ ಮೇಲೆ. ಮೀನು ನಮ್ಮ ಮನೆಗೆ ಹಿತ್ತಿಲ ಗಲ್ಲಿಯಿಂದ, ಬಟ್ಟೆಯ ಚೀಲದಲ್ಲಿ, ಮೇಲೆ ಪಾಲಕ್ ಸೊಪ್ಪು ಹೊದ್ದುಕೊಂಡು ಬರುತ್ತಿತ್ತು. ಹೋಟೆಲಿನಿಂದ ಇಡ್ಲಿ, ಸಾಂಬಾರು ಮೇಲೆ ಬರಬೇಕಾದರೆ ಅಡಿಗೆಮನೆಯವರು ಅರ್ಧ ಮೆಟ್ಟಿಲು ಹತ್ತುತ್ತಿದ್ದರು, ನಾವು ಅರ್ಧ ಮೆಟ್ಟಿಲು ಇಳಿಯುತ್ತಿದ್ದೆವು. ಅವರ ಪಾತ್ರೆಯಿಂದ ನಮ್ಮ ಪಾತ್ರೆಗೆ ಒಂದು ಗೇಣು ಎತ್ತರದಿಂದ, ಪಾತ್ರೆಗೆ ಪಾತ್ರೆ ತಾಗದಂತೆ ಸುರಿಯುತ್ತಿದ್ದರು. ಹೋಟೆಲಿನ ಒಂದು ಚಮಚವೂ ಆ ಎಲ್ಲೆಯನ್ನು ದಾಟಿದ್ದಿಲ್ಲ. ಯಾರೂ ಮಾಡದ ಈ ನಿಯಮವನ್ನು ಹದಿನೆಂಟು ವರ್ಷ ಯಾರೂ ಮುರಿದಿರಲಿಲ್ಲ.

ಹದಿನೆಂಟು ವರ್ಷ ಎಂದರೆ ಭಟ್ಟರು ಬಂದ ದಿನದಿಂದ. ಕುಂದಾಪುರದ ಕಡೆಯ ಭಟ್ಟರು ನಮ್ಮ ಹೋಟೆಲಿನ ಮುಖ್ಯ ಅಡಿಗೆಯವರು. ಗಿರಾಕಿಗಳು ಬರುತ್ತಿದ್ದುದು ಅವರ ಸಾಂಬಾರಿಗೆ. ಅಪ್ಪ ಗಲ್ಲಾದಲ್ಲಿ ಕೂತು ಅದರ ಕೀರ್ತಿಯನ್ನು ಸ್ವೀಕರಿಸುತ್ತಿದ್ದರು, ಅಷ್ಟೆ. ಮಲಾಡಿನಲ್ಲಿ ಹೊಸ ಹೋಟೆಲು ತೆರೆದವರೊಬ್ಬರು ಭಟ್ಟರಿಗೆ ಆಗಲೇ ಎರಡು ಸಲ ಹೇಳಿಕಳಿಸಿದ್ದರು. ಆ ಸುದ್ದಿ ಬಂದ ದಿನ ಅಪ್ಪನ ಮುಖ ಹೇಗಿತ್ತೆಂದರೆ, ಡಾಕ್ಟರು ಎಣ್ಣೆಗಿಂತ ಮೊದಲು ಮಲಾಡನ್ನು ನಿಷೇಧಿಸಬೇಕಿತ್ತು.

ರವಿವಾರ ಮಾವನ ಪಾಕವನ್ನು ಪ್ರಯೋಗಕ್ಕಿಳಿಸಿದೆ. ಹನ್ನೊಂದು ವಸ್ತುಗಳ ಪಟ್ಟಿ ಬರೆದು, ಒಂದೊಂದನ್ನೂ ತೂಗಿ, ಎಂಟು ಬಂಗುಡೆಗಳ ಮೈ ಸೀಳಿ, ಅರೆದದ್ದನ್ನು ಹಚ್ಚಿಟ್ಟೆ. ಗ್ಯಾಸ್ ಬಂದ ಮೇಲೆ ಅಟ್ಟ ಸೇರಿದ್ದ ಸಿಗ್ಡಿಯನ್ನು ಇಳಿಸಿ ಬಾಲ್ಕನಿಯಲ್ಲಿಟ್ಟು ಇದ್ದಿಲು ಹೊತ್ತಿಸಿದೆ. ಮುಂಬಯಿಯಲ್ಲಿ ಸಿಗ್ಡಿ ಎಂದರೆ ಒಲೆ, ನಮ್ಮಲ್ಲಿ ಸಿಗಡಿ ಎಂದರೆ ಒಲೆಯ ಮೇಲೆ ಹೋಗುವ ಪ್ರಾಣಿ. ಈ ಊರಿಗೆ ಹೊಸದಾಗಿ ಬಂದಾಗ ಅಮ್ಮ ಅಂಗಡಿಯವನೊಡನೆ ಪಟ್ಟ ಪಾಡು ಬೇರೆಯೇ ಕತೆ. ಕೆಂಡ ಕೆಂಪಾದ ಮೇಲೆ ಹೊಳೆಯಿತು: ನನ್ನ ಹನ್ನೊಂದು ವಸ್ತುಗಳ ಪಟ್ಟಿಯಲ್ಲಿ ಜಾಳಿ ಇರಲಿಲ್ಲ. ಮೂರೂವರೆ ಗಂಟೆ. ಪಾತ್ರೆ ಅಂಗಡಿಗಳಿಗೆ ರಜೆ. ಅಪ್ಪ ಗಲ್ಲಾ ಬಿಟ್ಟು ಮೇಲೆ ಬಂದಾಗಿತ್ತು. ರವಿವಾರಗಳಲ್ಲಿ ಅವರ ಹಸಿವು ಉಳಿದ ದಿನಗಳಿಗಿಂತ ಯಾಕೋ ಹೆಚ್ಚು.

ಹೋಟೆಲಿನ ಅಡಿಗೆಮನೆಯ ಗೋಡೆಯಲ್ಲಿ ಹಪ್ಪಳ ಸುಡುವ ಜಾಳಿಯೊಂದು ತೂಗುತ್ತಿತ್ತು. ಮಧ್ಯಾಹ್ನದ ಗಲಾಟೆ ಮುಗಿದು ಎಲ್ಲರೂ ಮಲಗಿದ್ದರು. ನಾನು ಇಳಿದೆ, ಜಾಳಿ ತೆಗೆದೆ, ಹತ್ತಿದೆ. ಅಳೆಯದೆ ಏನನ್ನೂ ಮಾಡದವಳು ಆ ಇಪ್ಪತ್ತೆರಡು ಮೆಟ್ಟಿಲುಗಳಲ್ಲಿ ಒಂದರ ಮೇಲೂ ನಿಂತು ಯೋಚಿಸಲಿಲ್ಲ.

ಮೀನಿನ ಬಗ್ಗೆ ಮಾತ್ರ ವಿನಯ ತೋರಿಸಲಾರೆ. ಚರ್ಮ ಬಿರಿದು, ಅಂಚು ಕರಿದಾಗಿ, ಕೊಬ್ಬು ಚಟಪಟನೆ ಕೆಂಡಕ್ಕೆ ತೊಟ್ಟಿಕ್ಕಿ, ಲಿಂಬೆ ಮತ್ತು ಹೊಗೆಯ ವಾಸನೆಗೆ ಎದುರು ಬಿಲ್ಡಿಂಗಿನ ಮೂರು ಕಿಟಕಿಗಳು ತೆರೆದುಕೊಂಡವು, ಒಂದು ಮುಚ್ಚಿಕೊಂಡಿತು. ಎರಡು ತಿಂಗಳಲ್ಲಿ ಮೊದಲ ಸಲ ಅಪ್ಪ ಕ್ಯಾಲೆಂಡರನ್ನು ಬಿಟ್ಟು ತಟ್ಟೆಯನ್ನು ನೋಡಿದರು.

“ಇದು ಯಾರ ಕೈ?”

“ನಿಮ್ಮ ಮಗಳದ್ದು,” ಎಂದಳು ಅಮ್ಮ. “ಎಣ್ಣೆ ಇಲ್ಲ, ಸುಟ್ಟದ್ದು. ಹೊರಗೆ ಯಾರ ಹತ್ರವೂ ಹೇಳ್ಬೇಡಿ.”

“ಇನ್ನೊಂದು ಉಂಟಾ?”

ಮೂರು ತಿಂದರು. ನಾನು ಜಾಳಿಯನ್ನು ಬೂದಿ, ಹುಣಿಸೆಹುಳಿ, ಸೋಪು, ಕುದಿಯುವ ನೀರು ಎಂಬ ಕ್ರಮದಲ್ಲಿ ಮೂರು ಮೂರು ಸಲ ತೊಳೆದು, ಒರೆಸಿ, ನಾಲ್ಕೂವರೆಗೆ ಅದೇ ಮೊಳೆಗೆ ತೂಗಹಾಕಿ, ಯಾರ ಕಣ್ಣಿಗೂ ಬೀಳದೆ ಮೇಲೆ ಬಂದೆ. ಅಮ್ಮ ಬಾಲ್ಕನಿಯಲ್ಲಿ ಸಿಗ್ಡಿಯ ಬೂದಿ ತೆಗೆಯುತ್ತಿದ್ದಳು.

“ಯಾವುದರ ಮೇಲೆ ಸುಟ್ಟದ್ದು ನೀನು?”

“ಕೆಳಗಿನ ಜಾಳಿ.”

ಅಮ್ಮನ ಕೈ ನಿಂತಿತು. “ಗೋಡೆಯ ಮೇಲಿನದ್ದಾ? ತಂತಿ ಸುತ್ತಿದ ಹಿಡಿಯದ್ದು?”

“ಹೌದು.”

“ನೀನು ಎಂ.ಎಸ್ಸಿ. ಮಾಡಿದ್ದು ಎಂತದರಲ್ಲಿ ಮಾರಾಯ್ತಿ?”

ಆಮೇಲೆ ಅವಳು ಹೇಳಿದಳು. ಗಿರಾಕಿಗಳ ಹಪ್ಪಳವನ್ನು ಎಣ್ಣೆಯಲ್ಲಿ ಕರಿಯುತ್ತಾರೆ. ಸುಡುವ ಜಾಳಿ ಹೋಟೆಲಿನದ್ದಲ್ಲ, ಭಟ್ಟರದ್ದು. ಊರಿನಿಂದ ಬರುವಾಗ ತಂದದ್ದು. ಪ್ರತಿದಿನ ಮೂರು ಗಂಟೆಗೆ ಊಟಕ್ಕೆ ಕೂರುವ ಮೊದಲು ಅವರು ಅದರ ಮೇಲೆ ತಮಗೊಂದೇ ಹಪ್ಪಳ ಸುಟ್ಟುಕೊಳ್ಳುತ್ತಾರೆ. ರಾತ್ರಿ ಅವಲಕ್ಕಿ, ಹಾಲು. ಅಂದರೆ ಮರುದಿನ ಮಧ್ಯಾಹ್ನ ಮೂರರವರೆಗೆ ಅವಕಾಶವಿತ್ತು.

“ಹೇಳ್ತೇನೆ,” ಎಂದೆ.

“ಹೇಳ್ಬೇಡ. ಭಟ್ರು ಮಲಾಡಿಗೆ ಹೋದ್ರೆ ನಿನ್ನ ಅಪ್ಪನಿಗೆ ಇನ್ನೊಮ್ಮೆ ಎದೆ ನೋಯ್ತದೆ. ಆಗ ಯಾವ ಮೀನು ಸುಡ್ತಿ?”

ಜಾಳಿಯನ್ನು ಮಾಯ ಮಾಡಿಬಿಡೋಣವೆಂದರೆ ಅಡಿಗೆಮನೆಯ ಬೇರೆ ಯಾರ ಮೇಲೋ ಗುಮಾನಿ ಬೀಳುತ್ತಿತ್ತು. ಹೊಸದು ತಂದಿಡೋಣವೆಂದರೆ, ಸಡಿಲಾದ ಹಿಡಿಗೆ ತಾಮ್ರದ ತಂತಿಯನ್ನು ತಾವೇ ಸುತ್ತಿದವರಿಗೆ ತಮ್ಮ ಜಾಳಿಯ ಗುರುತು ಸಿಗದಿರುತ್ತದೆಯೇ? ಸೋಮವಾರ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಗಾಜಿನ ನಳಿಗೆಗಳನ್ನು ಮೂರು ಮೂರು ಸಲ ತೊಳೆಯುವುದನ್ನು ನೋಡುತ್ತ ನಿಂತಿದ್ದೆ. ಮೂರು ಸಲ ತೊಳೆದದ್ದರಲ್ಲಿ ಹಿಂದಿನದರ ಅಂಶ ಉಳಿಯುವುದಿಲ್ಲವೆಂದು ಅವರಿಗೆ ಕಲಿಸಿದವಳು ನಾನೇ. ಆ ಜಾಳಿಯಲ್ಲಿ ಬಂಗುಡೆಯ ಸುಳಿವನ್ನು ಜಗತ್ತಿನ ಯಾವ ಪ್ರಯೋಗಶಾಲೆಯೂ ಹಿಡಿಯಲಾರದು. ಆದರೆ ಭಟ್ಟರು ಜಾಳಿಯನ್ನು ಪರೀಕ್ಷಿಸಿ ಒಲೆಗಿಡುತ್ತಿರಲಿಲ್ಲ, ನಮ್ಮ ಮೆಟ್ಟಿಲನ್ನು ನಂಬಿ ಇಡುತ್ತಿದ್ದರು. ಯಾರದೋ ಪಾತ್ರೆಯಲ್ಲಿ ಯಾವುದೋ ದ್ರಾವಣ ಉಕ್ಕಿದ ಸದ್ದಿಗೆ ಎಚ್ಚೆತ್ತು, ತಲೆನೋವೆಂದು ಸಹೋದ್ಯೋಗಿಗೆ ಹೇಳಿ ಹೊರಟೆ.

ಆತುರದಲ್ಲಿ ವಿ.ಟಿ. ಸ್ಟೇಷನ್ನಿನಲ್ಲಿ ಹತ್ತಿದ್ದು ಫಾಸ್ಟ್ ಲೋಕಲ್. ಅದು ಸಯನ್ನಿನಲ್ಲಿ ನಿಲ್ಲುವುದಿಲ್ಲ. ತೂಕದ ಯಂತ್ರ ದೀಪ ಮಿಟುಕಿಸುತ್ತ ಕಿಟಕಿಯ ಹೊರಗೆ ಹಿಂದಕ್ಕೆ ಓಡಿತು. ಕುರ್ಲಾದಲ್ಲಿ ಇಳಿದು, ಸೇತುವೆ ಹತ್ತಿ ಇಳಿದು, ವಾಪಸು ಸ್ಲೋ ಹಿಡಿದು, ಸಯನ್ನಿನಿಂದ ಹೋಟೆಲಿನವರೆಗೆ ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದೆ. ನಾನು ಓಡಿದ್ದನ್ನು ಆ ರಸ್ತೆ ಅದಕ್ಕೆ ಮೊದಲೂ ನಂತರವೂ ನೋಡಿಲ್ಲ.

ಭಟ್ಟರು ನೆಲದ ಮೇಲೆ ಎಲೆ ಹಾಕಿಕೊಂಡಿದ್ದರು. ಅನ್ನ ಬಡಿಸಿರಲಿಲ್ಲ. ಜಾಳಿ ಕೈಯಲ್ಲಿತ್ತು, ಹಪ್ಪಳ ಅದರ ಮೇಲಿತ್ತು, ಒಲೆಗೆ ಒಂದು ಗೇಣು ದೂರವಿತ್ತು.

“ಭಟ್ರೇ, ಅದನ್ನು ಇಡಬೇಡಿ.”

“ಎಂತ ಮಗಾ, ನಿಂಗೆ ಬೇಕಾ ಹಪ್ಪಳ?”

ರೈಲಿನಲ್ಲಿ ಮೂರು ವಾಕ್ಯಗಳನ್ನು ಸಿದ್ಧಪಡಿಸಿದ್ದೆ; ಕಾರಣ, ಸಂದರ್ಭ, ಕ್ಷಮಾಪಣೆ. ಅವು ಕುರ್ಲಾದಲ್ಲೇ ಇಳಿದಿರಬೇಕು. “ನಿನ್ನೆ ಅದರ ಮೇಲೆ ಮೀನು ಸುಟ್ಟೆ,” ಎಂದೆ.

ಹದಿನೆಂಟು ವರ್ಷಗಳಲ್ಲಿ ಆ ಅಡಿಗೆಮನೆಯೊಳಗೆ ಆ ಎರಡಕ್ಷರವನ್ನು ಯಾರೂ ಉಚ್ಚರಿಸಿರಲಿಲ್ಲ. ಭಟ್ಟರು ಹಪ್ಪಳವನ್ನೂ ಜಾಳಿಯನ್ನೂ ನಿಧಾನವಾಗಿ ಕೆಳಗಿಟ್ಟರು.

“ಇದ್ರ ಮೇಲೆ?”

“ಹೌದು. ತೊಳೆದಿದ್ದೇನೆ.”

“ತೊಳೆದದ್ದು ಕಾಣ್ತದೆ. ಕೊಂಡ ದಿನವೂ ಇದು ಇಷ್ಟು ಬೆಳ್ಳಗೆ ಇರ್ಲಿಲ್ಲ. ಬೆಳಿಗ್ಗೆಯಿಂದ ಯೋಚನೆ ಮಾಡ್ತಾ ಇದ್ದೆ, ಇಲ್ಲಿಯ ಯಾವ ಸೋಮಾರಿಗೆ ಬುದ್ಧಿ ಬಂತು ಅಂತ.” ನಮ್ಮ ಮನೆಯ ಕಡೆಗೆ ಕಣ್ಣೆತ್ತಿ, “ಶೆಟ್ರಿಗಾ?” ಎಂದು ಅಪ್ಪನ ಬಗ್ಗೆ ಕೇಳಿದರು.

“ಹೌದು. ಎಣ್ಣೆ ಇಲ್ಲದೆ. ಡಾಕ್ಟರು...”

“ತಿಂದ್ರಾ?”

“ಮೂರು.”

ಅವರು ಎದ್ದು ಎಲೆಯನ್ನು ಮಡಚಿ ಬದಿಗಿಟ್ಟು, ಹಿಂದಿನ ನಲ್ಲಿಗೆ ಹೋಗಿ ತಲೆಯ ಮೇಲೆ ನೀರು ಹೊಯ್ದುಕೊಂಡು, ಒದ್ದೆ ಪಂಚೆ ಬದಲಿಸಿ ಬಂದರು. ಊಟಕ್ಕೆ ಕೂರಲಿಲ್ಲ. ಒಂದು ಲೋಟ ಮಜ್ಜಿಗೆ ಮಾಡಿ ನಿಂತೇ ಕುಡಿದರು.

“ಊಟ ಮಾಡಿ ಭಟ್ರೇ.”

“ಇವತ್ತು ಬೇಡ. ನಿನ್ನ ಮೇಲೆ ಸಿಟ್ಟು ಅಲ್ಲ, ನಂದೊಂದು ಕ್ರಮ.”

ಸಿಟ್ಟಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಊರಿಗೆಲ್ಲ ಬಡಿಸಿದವರು ನನ್ನ ದೆಸೆಯಿಂದ ಬರಿಹೊಟ್ಟೆಯಲ್ಲಿದ್ದರು. ಕೇಳಬಾರದೆಂದು ಗೊತ್ತಿದ್ದೂ ಕೇಳಿದೆ: “ಮಲಾಡಿಗೆ ಹೋಗ್ತೀರಾ?”

“ಮಲಾಡಿನ ಮಾಲಕರು ಎಂತ, ಮೀನು ತಿನ್ನುದಿಲ್ವಾ?” ಎಂದು ಲೋಟ ತೊಳೆದಿಟ್ಟರು. ಮತ್ತೆ ನನ್ನ ಕಡೆ ನೋಡದೆ, “ಕೂತ್ಕೋ. ನಾಲ್ಕು ಗಂಟೆ ಆಗ್ಲಿ. ನೀನು ಬಂದು ಹೇಳಿದೆ. ನಂಗೆ ಹೇಳುವ ಧೈರ್ಯ ಇಲ್ಲ, ತೋರಿಸ್ತೇನೆ,” ಎಂದರು.

ಏನನ್ನು ತೋರಿಸುತ್ತಾರೆಂದು ತಿಳಿಯದೆ ಉಗ್ರಾಣದ ಬಾಗಿಲ ಬಳಿ ಮಣೆಯ ಮೇಲೆ ಕೂತೆ. ನಾಲ್ಕಕ್ಕೆ ಸರಿಯಾಗಿ ಹಿಂದಿನ ಬಾಗಿಲಿನಿಂದ ಅಪ್ಪ ಬಂದರು. ಎಡಬಲ ನೋಡದೆ, ಕತ್ತಲಲ್ಲಿ ಸ್ವಂತ ಮಂಚ ಹುಡುಕುವವರ ಸಲೀಸಿನಿಂದ, ಮೂಲೆಯ ಅಕ್ಕಿಮೂಟೆಯ ಮೇಲೆ ಕೂತರು. ಮೂಟೆಯಲ್ಲಿ ಅವರ ಅಳತೆಯದೇ ಒಂದು ತಗ್ಗು ಆಗಲೇ ಬಿದ್ದಿತ್ತು.

“ಭಟ್ರೆ, ಇವತ್ತು ಗೋಳಿಬಜೆ ಆರು ಬೇಡ, ನಾಲ್ಕು ಸಾಕು,” ಎಂದರು. “ನಿನ್ನೆ ಊಟ ಸ್ವಲ್ಪ ಹೆಚ್ಚಾಯ್ತು. ಕೆಂಪಗೆ ತೆಗೀರಿ.”

ಆಮೇಲೆ ನನ್ನನ್ನು ಕಂಡರು.

ಎರಡು ತಿಂಗಳು ನನ್ನ ನಿದ್ದೆ ಕೆಡಿಸಿದ್ದ ಆ ನೇರ ಗೆರೆ ಅಕ್ಕಿಮೂಟೆಯ ಮೇಲೆ ಕೂತು ನನ್ನನ್ನು ನೋಡುತ್ತಿತ್ತು. ಮೈದಾ, ಮೊಸರು, ಕೊಬ್ಬರಿ ಚೂರು, ಕಡಾಯಿ ತುಂಬ ಎಣ್ಣೆ. ದಿನಕ್ಕೆ ಆರು, ರವಿವಾರ ಭಟ್ಟರು ಮಲಗಿರುವುದರಿಂದ ರಜೆ.

“ಅಕ್ಕಿ ನೋಡ್ಲಿಕ್ಕೆ ಬಂದದ್ದು,” ಎಂದರು ಅಪ್ಪ ನನಗೆ. “ಹುಳ ಬಿದ್ದಿದೆಯಾ ಅಂತ.”

“ಬಿದ್ದಿಲ್ಲ ಶೆಟ್ರೆ,” ಎಂದರು ಭಟ್ಟರು. “ಇನ್ನು ನೋಡ್ಲಿಕ್ಕೆ ಬರುದೂ ಬೇಡ. ದಿನಾ ಬಂದು ಹಸಿವು ಅಂತೀರಿ. ಹಸಿದವರಿಗೆ ಇಲ್ಲ ಅನ್ನಲಿಕ್ಕೆ ನಂಗೆ ಬರುದಿಲ್ಲ, ನಾನು ಕಲಿತದ್ದೇ ಬಡಿಸ್ಲಿಕ್ಕೆ. ಎದೆಗೆ ಆಗುದಿಲ್ಲ ಅಂತ ಗೊತ್ತಿದ್ದೂ ಕರಿದು ಹಾಕಿದೆ. ಈ ಕೂಸು ತಪ್ಪು ಮಾಡಿ ಒಂದು ದಿನ ಆಗ್ಲಿಲ್ಲ, ಬಂದು ಹೇಳ್ತು. ನಂದು ಎರಡು ತಿಂಗಳು ಆಯ್ತು.”

ಇಕ್ಕಳದಿಂದ ಜಾಳಿಯನ್ನು ಎತ್ತಿ ನನ್ನ ಕಾಲ ಬಳಿ ಇಟ್ಟರು. “ಇದನ್ನು ಮೇಲೆ ತಕ್ಕೊಂಡು ಹೋಗು. ಧಾರಾವಿಯಲ್ಲಿ ಹೊಸದು ಮಾಡಿಸಿಕೊಳ್ತೇನೆ. ಇನ್ನು ಕೆಳಗೆ ತರ್ಬೇಡ.”

ಅಪ್ಪ ಜಾಳಿಯನ್ನು ನೋಡಿದರು, ನನ್ನನ್ನು ನೋಡಿದರು, ಒಲೆಗೇರದ ಕಡಾಯಿಯನ್ನು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಅಂಗೈಯಿಂದ ಅಕ್ಕಿಮೂಟೆಯನ್ನು ಒಮ್ಮೆ ತಟ್ಟಿ ಎದ್ದು, ಅಡಿಗೆಮನೆಯ ನಡುವೆ ನಿಂತು, ತಗ್ಗಿದ ದನಿಯಲ್ಲಿ ಕೇಳಿದರು:

“ಹಾಗಾದ್ರೆ ಇವತ್ತು ಸಂಜೆಗೆ ನಿನ್ನೆಯದ್ದೇ ಮಾಡ್ತೀಯಾ ಮಗಾ?”

ನಾನು ಬಾಯಿ ತೆರೆಯುವ ಮೊದಲೇ ಭಟ್ಟರು ನಮ್ಮ ಕಡೆ ಬೆನ್ನು ಮಾಡಿ ಒಲೆ ಒರೆಸುತ್ತ ಹೇಳಿದರು: “ಇವತ್ತು ಸೋಮವಾರ ಶೆಟ್ರೆ. ಸೋಮವಾರ ಯಾರಾದ್ರೂ ಮೀನು ತಿಂತಾರಾ?”

ಮಂಗಳವಾರ ಬಂಗುಡೆ ಸಿಗಲಿಲ್ಲ. ಪಾಂಪ್ಲೆಟ್ ಮೀನು ಸುಟ್ಟೆ.